ಓದಿದವರು ಹೇಳಿದ ಪುಸ್ತಕಗಳು

(ಒಂದು ಊರಿನ ವಾಚನಾಲಯದ ವಾರ್ಷಿಕ ಸಮ್ಮೇಲನದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದ ಬಾಗಿಲ ಬದಿಯಲ್ಲಿ ಒಂದು ಮೇಜು ಇರುವದನ್ನೂ, ಆ ಮೇಜಿನ ಮೇಲೆ ದಾರ ಕಟ್ಟಿದ ಒಂದು ದಪ್ಪ ವಹಿ ಇರುವದನ್ನೂ ತಾವೆಲ್ಲರೂ ಬಲ್ಲಿರಿ. ಅದಕ್ಕೆ ಸೂಚನೆಯ ಪುಸ್ತಕವೆಂದು ಹೆಸರು. ದೀಪ ಸಾಲದು, ಪತ್ರಿಕೆ ತಡವಾಗಿ ಬಂದಿತು, ಇಂಥ ಕಾದಂಬರಿಯನ್ನು ತರಿಸಿರಿ ಎಂಬಂಥ ಸೂಚನೆಗಳೇ ಅದರಲ್ಲಿ ವರ್ಷ ವರ್ಷವೂ ತುಂಬುತ್ತಿದ್ದವು. ಈ ಸಲ ಚಾಲಕರು ಒಂದು ಹೊಸ ಮಾತನ್ನು ಹೂಡಿದರು. ಒಂದು ತಿಂಗಳ ಪರ್ಯಂತ ಪ್ರತಿಯೊಬ್ಬ ವಾಚಕನೂ ಒಂದೊಂದು ಪುಸ್ತಕದ ಹೆಸರನ್ನು ಬರೆಯಬೇಕು. ಅದು ಕಾವ್ಯ, ನಾಟಕ, ಕಥೆ, ಕಾದಂಬರಿಗಳಲ್ಲಿ ಯಾವದೂ ಆಗಿರಕೂಡದು. ತಾನು ಓದಿದ್ದೇ ಆಗಿರಬೇಕು. ನೆರೆಯವನು ಅದನ್ನು ಯಾಕೆ ಓದಬೇಕೆಂಬದನ್ನು ಎರಡು ಸಾಲಿನಲ್ಲಿ ತಿಳಿಸಬೇಕು. ಇಷ್ಟೇ ಕಟ್ಟಳೆ. ಆ ವಹಿಯನ್ನು ಓದಿ ನಾಲ್ಕು ಮಾತು ಹೇಳುವ ಭಾರವನ್ನು ನನ್ನ ಮೇಲೆ ಹೊರಿಸಿದ್ದಾರೆ. ನಾನು ಪಂಡಿತನಲ್ಲ, ಸಾಲೆಯ ಮಾಸ್ತರಿಕೆಯಲ್ಲಿ ತಲೆ ನರೆತವನು. ಆದಕಾರಣ ಮಾಸ್ತರನು ಹೇಳಬಹುದಾದಷ್ಟನ್ನೇ ಹೇಳುವೆನು.

ಮೊದಲಿಗೇ ಒಂದು ಸಂಶಯವನ್ನು ಪರಿಹರಿಸಿಬಿಡುವೆನು. ಕಥೆ-ಕಾವ್ಯಗಳ ಮೇಲೆ ನಮಗೇನು ಮುನಿಸೋ ಎಂದು ಕೆಲವರು ಕೇಳಿದರು. ಪಂಪ, ಕುಮಾರವ್ಯಾಸರ ಮನೆಯಲ್ಲಿ ಹುಟ್ಟಿದವರಿಗೆ ಕಾವ್ಯದ ಮೇಲೆ ಮುನಿಸು ಹೇಗೆ ಬಂದೀತು? ಆದರೆ ಕನ್ನಡವು ರಸಕ್ಕೆ ಮಾತ್ರ ತಕ್ಕದ್ದು, ಶಾಸ್ತ್ರಕ್ಕೆ ಪರಭಾಷೆಯೇ ಗತಿಯೆಂದು ತಿಳಿದವರು ನಮ್ಮಲ್ಲಿ ಇನ್ನೂ ಬಹಳ ಜನರಿದ್ದಾರೆ. ಅವರು ಒಂದು ಸಂಗತಿಯನ್ನು ಮರೆತಿದ್ದಾರೆ. ಕನ್ನಡದಲ್ಲಿ ನಮಗೆ ದೊರೆತ ಗ್ರಂಥಗಳಲ್ಲೆಲ್ಲ ಹಳೆಯದಾದ ಕವಿರಾಜಮಾರ್ಗವು ಕಥೆಯಲ್ಲ, ಅದು ಲಕ್ಷಣಗ್ರಂಥ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿತು. ಮುಂದೆ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆದನು. ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಕನ್ನಡಕ್ಕೆ ಶಾಸ್ತ್ರವು ಹೊಸ ನೆಂಟನಲ್ಲ, ಮನೆಯ ಹಿರಿಯ ಮಗ. ಆ ಹಿರಿಯ ಮಗನನ್ನು ಜಗಲಿಯ ಮೇಲೆ ಕೂಡ್ರಿಸಿ ಒಳಗೆ ಕರೆಯದೆ ಇರುವವರು ನಾವು.

ಇನ್ನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ವಿಷಯಕ್ಕೆ ಬರುವೆನು. ನಾನು ಮಾಸ್ತರನಾದ ಹೊಸದರಲ್ಲಿ, ಒಂದು ಮಳೆಗಾಲದ ದಿನ, ಹುಡುಗನೊಬ್ಬನು ಸಾಲೆಯ ಅಂಗಳದಲ್ಲಿ ಎರೆಹುಳವನ್ನು ಕಂಡು, "ಗುರುಗಳೇ, ಇದು ಏನು ತಿಂತದ? ಇದರಿಂದ ಏನು ಉಪಯೋಗ?" ಎಂದು ಕೇಳಿದನು. ಗೊತ್ತಿಲ್ಲವೆಂದು ಹೇಳಲು ನನಗೆ ನಾಚಿಕೆಯಾಯಿತು. ಅದು ಗಿಡದ ಬೇರನ್ನು ತಿನ್ನುವ ಹುಳ, ಕಂಡರೆ ತೆಗೆದು ಎಸೆಯಬೇಕು ಎಂದುಬಿಟ್ಟೆನು. ಹುಡುಗನು ಮನೆಗೆ ಹೋಗಿ ಹಾಗೆಯೇ ಮಾಡಿದನು. ಮರುದಿನ ಅವನ ಅಜ್ಜನು ಸಾಲೆಗೆ ಬಂದು, "ಮಾಸ್ತರ್ರೇ, ಅದು ಕೂಲಿ ಬೇಡದ ಆಳು. ಅದನ್ನ ಎಸೀಲಿಕ್ಕೆ ಹೇಳಿದ್ರಂತಲ್ಲ!" ಎಂದು ಮೆಲ್ಲಗೆ ನಕ್ಕನು. ಆ ನಗೆಯು ನನಗೆ ಬೆತ್ತದ ಏಟಿಗಿಂತ ಹೆಚ್ಚಾಗಿ ತಾಗಿತು. ಸಾಲೆಯ ಕಪಾಟಿನಲ್ಲಿ ನೋಡಿದೆನು. ವ್ಯಾಕರಣಗಳಿದ್ದವು, ಪದ್ಯಸಂಗ್ರಹಗಳಿದ್ದವು, ಕಥೆಗಳಿದ್ದವು. ಎರೆಹುಳದ ಮಾತನ್ನು ಹೇಳುವ ಒಂದು ಪುಸ್ತಕವೂ ಇರಲಿಲ್ಲ.

ಈ ತಿಂಗಳು ಸೂಚನೆಯ ವಹಿಯನ್ನು ತೆರೆದಾಗ ಮೊದಲನೆಯ ಪುಟದಲ್ಲಿಯೇ ಆ ಹುಳವು ನನ್ನನ್ನು ಎದುರುಗೊಂಡಿತು! ಕೃಷಿಯನ್ನು ಕಲಿಯುತ್ತಿರುವ ಒಬ್ಬ ತರುಣರು ಚಾರ್ಲ್ಸ್ ಡಾರ್ವಿನನ ಎರೆಹುಳಗಳನ್ನು ಕುರಿತ ಗ್ರಂಥವನ್ನು ಸೂಚಿಸಿದ್ದಾರೆ. ಅದು 1881ರಲ್ಲಿ, ಅಂದರೆ ಆತನು ತೀರಿಕೊಳ್ಳುವದಕ್ಕೆ ಕೆಲವೇ ತಿಂಗಳು ಮುಂಚೆ ಪ್ರಕಟವಾಯಿತು. ಜೀವಜಾತಿಗಳ ಉತ್ಪತ್ತಿಯನ್ನು ವಿವರಿಸಿ ಜಗತ್ತನ್ನೇ ಅಲುಗಿಸಿದ ಪುರುಷನು ತನ್ನ ಕಡೆಯ ಗ್ರಂಥಕ್ಕೆ ಆರಿಸಿಕೊಂಡ ನಾಯಕನು ಕಾಲ ಕೆಳಗಿನ ಹುಳ! ಈ ವಿಷಯದಲ್ಲಿ ಆತನು ಮೊದಲನೆಯ ಲೇಖವನ್ನು ಓದಿದ್ದು 1837ರಲ್ಲಿ. ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೆಂಬದನ್ನು ವಿಚಾರಿಸಿರಿ. 1842ರಲ್ಲಿ ತನ್ನ ಮನೆಯ ಬಳಿಯ ಹೊಲದ ಮೇಲೆ ಸುಣ್ಣಕಲ್ಲಿನ ಚೂರುಗಳನ್ನು ಹರವಿಸಿದನು. 1871ರಲ್ಲಿ, ಇಪ್ಪತ್ತೊಂಬತ್ತು ವರ್ಷಗಳ ಬಳಿಕ, ಅಲ್ಲಿ ಅಗೆಯಿಸಿ ನೋಡಿದನು. ಚೂರುಗಳು ಏಳು ಇಂಚು ಕೆಳಗೆ ಇಳಿದಿದ್ದವು. ಅವುಗಳನ್ನು ಯಾರೂ ಹೂಳಿರಲಿಲ್ಲ. ಹುಳಗಳು ಕೆಳಗಿನ ಮಣ್ಣನ್ನು ನುಂಗಿ ಮೇಲಕ್ಕೆ ತಂದು ಹಾಕಿ ಹಾಕಿ ನೆಲವನ್ನೇ ಏರಿಸಿದ್ದವು. ಇಂಗ್ಲಂಡದ ಅನೇಕ ಕಡೆಗಳಲ್ಲಿ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಈ ಹುಳಗಳ ಹೊಟ್ಟೆಯನ್ನು ಹಾಯ್ದು ಮೇಲೆ ಬರುವದೆಂದು ಆತನು ಲೆಕ್ಕ ಕಟ್ಟಿದನು.

ಅಷ್ಟೇ ಅಲ್ಲ. ಹುಳಗಳಿಗೆ ಕಿವಿಯುಂಟೋ ಎಂದು ನೋಡಲು ಅವುಗಳನ್ನು ಮಣ್ಣಿನ ಕುಂಡಗಳಲ್ಲಿ ಸಾಕಿ, ಅವುಗಳ ಎದುರಿಗೆ ಪಿಯಾನೋ ಬಾರಿಸಿದರು, ತುತೂರಿಯಂಥ ದಪ್ಪ ವಾದ್ಯವನ್ನು ಊದಿದರು. ಹುಳಗಳು ಮಿಸುಕಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರವನ್ನು ಬಾರಿಸಿದಾಗ ಮಾತ್ರ ಸರ್ರನೆ ಬಿಲಕ್ಕೆ ಸರಿದವು. ನಾದವು ಅವಕ್ಕೆ ಕೇಳದು, ನಡುಕವು ತಿಳಿಯುವದು ಎಂದು ಸಿದ್ಧವಾಯಿತು. ಸೂಚಿಸಿದ ತರುಣರು ಬರೆದ ಕಾರಣವು ಇಷ್ಟೇ: "ದೊಡ್ಡ ಯಂತ್ರಗಳಿಲ್ಲದೆ, ಒಂದು ಹೊಲ ಮತ್ತು ಒಂದು ಕುಂಡದಿಂದ ಶಾಸ್ತ್ರ ಮಾಡಬಹುದೆಂದು ಇದರಿಂದ ತಿಳಿಯಿತು." ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೇ? ಹೊಲ ನಮ್ಮ ಹಳ್ಳಿಗಳಲ್ಲಿ ಇಲ್ಲವೇ? ಕುಂಡ ನಮ್ಮ ಸಾಲೆಗಳಲ್ಲಿ ಇಡಲಾಗದೇ?

ಎರಡನೆಯ ಸೂಚನೆಯು ಒಬ್ಬ ಶಿಕ್ಷಕಿಯರದು. ಅದು ಮೈಕೇಲ ಫ್ಯಾರಡೆಯು 1860–61ರ ನಾತಾಳದ ರಜೆಯಲ್ಲಿ ಲಂಡನ್ನಿನಲ್ಲಿ ಮಕ್ಕಳ ಎದುರಿಗೆ ಮಾಡಿದ ಆರು ಉಪನ್ಯಾಸಗಳ ಪುಸ್ತಕ. ವಿಷಯವು ಒಂದು ಮೇಣದ ಬತ್ತಿ! ಬತ್ತಿ ಉರಿಯುವಾಗ ಮೇಣವು ಕರಗಿ ಬಟ್ಟಲಿನ ಹಾಗೆ ನಿಲ್ಲುವದಷ್ಟೇ. ಅಂಚು ಯಾಕೆ ಕರಗುವದಿಲ್ಲ? ಕೆಳಗಿನಿಂದ ಏರುವ ಗಾಳಿಯು ಅಂಚನ್ನು ತಂಪಾಗಿ ಇಡುವದರಿಂದ. ಬತ್ತಿಯನ್ನು ಮೆಲ್ಲಗೆ ಆರಿಸಿ, ಏಳುವ ಹೊಗೆಗೆ ಕಡ್ಡಿಯ ಉರಿಯನ್ನು ಹಿಡಿದರೆ ಉರಿಯು ಹೊಗೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುವದು. ಅಂದರೆ ಉರಿಯುವದು ಮೇಣವಲ್ಲ, ಮೇಣದ ಆವಿ. ಹೀಗೆ ಹೆಜ್ಜೆ ಹೆಜ್ಜೆಯಾಗಿ ನಡೆಯಿಸಿಕೊಂಡು ಹೋಗಿ, ಕಡೆಗೆ ಬತ್ತಿಯ ಉರಿಗೂ ನಮ್ಮ ಉಸಿರಿಗೂ ಇರುವ ಸಂಬಂಧವನ್ನು ಆತನು ತೋರಿಸುತ್ತಾನೆ. ಎರಡರಲ್ಲಿಯೂ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಶಾಖವನ್ನು ಕೊಡುವದು. ಈ ಬಾಯಿ (ನಮ್ಮ ಕಡೆ ಶಿಕ್ಷಕಿಯರನ್ನು ಹೀಗೆಯೇ ಕರೆಯುವ ವಾಡಿಕೆ) ತಮ್ಮ ವರ್ಗದಲ್ಲಿ ಇದನ್ನು ಕನ್ನಡದಲ್ಲಿ ಮಾಡಿ ತೋರಿಸಿದರಂತೆ. ಖರ್ಚು ಒಂದು ಮೇಣದ ಬತ್ತಿ, ಒಂದು ಬೆಂಕಿಪೆಟ್ಟಿಗೆ.

ಮೂರನೆಯದು ನಮ್ಮ ನೆಲದ್ದೇ. ಒಬ್ಬ ಒಕ್ಕಲಿಗ ಮಹಾಶಯರು ಎರಡನೆಯ ಚಾವುಂಡರಾಯನ ಲೋಕೋಪಕಾರವನ್ನು ಸೂಚಿಸಿದ್ದಾರೆ. ಇದು ಸುಮಾರು 1025ರಲ್ಲಿ, ಚಾಲುಕ್ಯರ ಕಾಲದಲ್ಲಿ ಬರೆದ ಕನ್ನಡ ಗ್ರಂಥ. ಬಾವಿಗೆ ನೀರಿನ ಸೆಲೆಯನ್ನು ಹುಡುಕುವದು, ಗಿಡಮರಗಳ ಪೋಷಣೆ, ಅಡಿಗೆ, ಸುಗಂಧದ್ರವ್ಯ, ಮನುಷ್ಯರ ಮತ್ತು ದನಗಳ ವೈದ್ಯ, ಮನೆ ಕಟ್ಟುವದು, ಶಕುನ ಎಲ್ಲವೂ ಇದರಲ್ಲಿ ಉಂಟು. ಈ ಮಹಾಶಯರ ಟಿಪ್ಪಣಿಯು ನನಗೆ ಬಹಳ ಮೆಚ್ಚಿಕೆಯಾಯಿತು. ಇದರಲ್ಲಿ ಹೇಳಿದ್ದೆಲ್ಲ ನಿಜವೆಂದು ತಿಳಿಯಬೇಡಿರಿ; ಶಕುನದ ಭಾಗವನ್ನು ಬಿಡಿರಿ; ಔಷಧವನ್ನು ವೈದ್ಯರನ್ನು ಕೇಳದೆ ಕೊಳ್ಳಬೇಡಿರಿ; ಆದರೆ ಗಿಡಗಳ ಭಾಗವನ್ನು ನಿಮ್ಮ ತೋಟದ ಅನುಭವದೊಡನೆ ತೂಗಿ ನೋಡಿರಿ ಎಂದು ಅವರು ಎಚ್ಚರಿಸಿದ್ದಾರೆ. ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆಂದು ಡಂಗುರ ಹೊಡೆಯುವದೂ, ಏನೂ ಗೊತ್ತಿರಲಿಲ್ಲವೆಂದು ಹಳಿಯುವದೂ ಸೋಮಾರಿಗಳ ಕೆಲಸ. ತೆರೆದು ಓದಿ ತೂಗುವದೇ ಪೂರ್ವಿಕರಿಗೆ ನಾವು ಸಲ್ಲಿಸತಕ್ಕ ನಿಜವಾದ ಗೌರವ.

ನಾಲ್ಕನೆಯದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. 1966ರಲ್ಲಿ ಪ್ರಕಟವಾದ ಈ ಗ್ರಂಥವನ್ನು ಸೂಚಿಸಿದವರು ಅಂಚೆಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಗೃಹಸ್ಥರು. ನಮ್ಮೂರ ಕೆರೆಯ ದಂಡೆಯಲ್ಲಿ ಅರಿವೆ ಒಗೆಯುವ ಒಂದು ಕಲ್ಲು ಇತ್ತಷ್ಟೇ. ಈ ಪುಸ್ತಕವನ್ನು ಓದಿದ ಮೇಲೆ ಅವರು ಆ ಕಲ್ಲನ್ನು ಹೊರಳಿಸಿ ನೋಡಿದರು, ಅದು ವೀರಗಲ್ಲು! ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದ ಸಾಮಾನ್ಯ ಮನುಷ್ಯರಿಗೂ ನಮ್ಮ ಹಿರಿಯರು ಇಂಥ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ನಾವು ಅದರ ಮೇಲೆ ಅರಿವೆ ಒಗೆಯುತ್ತಿದ್ದೆವು. ಈಗ ಅದು ಗುಡಿಯ ಅಂಗಳದಲ್ಲಿ ನೆಟ್ಟಗೆ ನಿಂತಿದೆ. ಕಲ್ಲು ಮೊದಲೂ ಅಲ್ಲಿಯೇ ಇತ್ತು. ಕಣ್ಣನ್ನು ಕೊಟ್ಟದ್ದು ಪುಸ್ತಕ.

ಐದನೆಯದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆತಿದೆ. ಮದರಾಸಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಇವರು ವಿದ್ಯಾರ್ಥಿಗಳೊಡನೆ ಕಾಡಿನಲ್ಲಿ ಅಲೆದ ಅನುಭವವನ್ನು ನಗಿಸುತ್ತ ನಗಿಸುತ್ತ ಹೇಳುತ್ತಾರೆ. ಗಿಡದ ಲಕ್ಷಣವೂ ಬರುವದು, ಹುಡುಗರ ತುಂಟತನವೂ ಬರುವದು. ಶಾಸ್ತ್ರವೆಂದರೆ ಹುಬ್ಬು ಗಂಟಿಕ್ಕಿ ಓದತಕ್ಕದ್ದೆಂಬ ಭ್ರಮೆಯುಳ್ಳವರಿಗೆ ಇದೇ ಮದ್ದು. ಒಬ್ಬ ಕಾಲೇಜಿನ ಹುಡುಗಿಯು ಇದನ್ನು ಸೂಚಿಸಿ, "ನಮ್ಮ ಮನೆಯ ಹಿತ್ತಿಲಿನ ಗಿಡಗಳ ಹೆಸರು ನನಗೆ ಗೊತ್ತಿರಲಿಲ್ಲವೆಂದು ಇದನ್ನು ಓದಿದ ಮೇಲೆ ನಾಚಿಕೆಯಾಯಿತು" ಎಂದು ಬರೆದಿದ್ದಾಳೆ. ಆ ನಾಚಿಕೆಯು ಶುಭಲಕ್ಷಣ.

ಒಬ್ಬ ವಕೀಲರು ದಾದಾಭಾಯಿ ನವರೋಜಿಯವರು ಹಿಂದುಸ್ತಾನದ ಬಡತನವನ್ನು ಕುರಿತು ಬರೆದ, 1901ರಲ್ಲಿ ಪ್ರಕಟವಾದ ಗ್ರಂಥವನ್ನು ಸೂಚಿಸಿದ್ದಾರೆ. ಆ ಪುಣ್ಯಪುರುಷರು ಸಿಟ್ಟಿನ ಮಾತುಗಳಿಂದ ವಾದಿಸಲಿಲ್ಲ. ಸರಕಾರದ ವರದಿಗಳಲ್ಲಿದ್ದ ಅಂಕೆಗಳನ್ನೇ ಕೂಡಿಸಿ ಕಳೆದು, ಈ ದೇಶದ ಮನುಷ್ಯನ ಸರಾಸರಿ ಉತ್ಪನ್ನವು ವರ್ಷಕ್ಕೆ 20 ರೂಪಾಯಿ ಎಂದು ತೋರಿಸಿದರು. ಸೆರೆಮನೆಯ ಕೈದಿಗೆ ಸಿಕ್ಕುವ ಅನ್ನ-ಅರಿವೆಗೂ ಈ ಉತ್ಪನ್ನವು ಸಾಲದೆಂದು ಲೆಕ್ಕದಿಂದ ಸಿದ್ಧಮಾಡಿದರು. ಎದುರಾಳಿಯ ಕಾಗದದಿಂದಲೇ ಎದುರಾಳಿಯನ್ನು ಸೋಲಿಸುವ ವಿದ್ಯೆಯನ್ನು ಕಲಿಯಬೇಕಾದವರು ಇದನ್ನು ಓದಬೇಕೆಂಬದು ವಕೀಲರ ಮಾತು.

ನಮ್ಮ ಹಿರಿಯ ಸದಸ್ಯರೊಬ್ಬರು ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ದ ಹೆಸರನ್ನು ನಡುಗುವ ಕೈಯಿಂದ ಬರೆದಿದ್ದಾರೆ. 1917ರಲ್ಲಿ ಆ ಗ್ರಂಥವು ಹೊರಟಾಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಒಂದು ಇತಿಹಾಸದ ಪುಸ್ತಕವು ಹರಿದ ಜನರಿಗೆ ತಾವು ಒಂದೇ ಎಂಬದನ್ನು ನೆನಪಿಸಿಕೊಟ್ಟಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. ಅದನ್ನು ನೋಡುವ ಭಾಗ್ಯವು 1964ರ ವರೆಗೆ ಬಾಳಿದ ಆಲೂರರಿಗೆ ದೊರೆಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಪುಸ್ತಕದಿಂದೇನಾದೀತು ಎಂದು ಮೂಗು ಮುರಿಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಸಭಿಕರೇ, ಹುಳ, ಮೇಣದ ಬತ್ತಿ, ಬಾವಿ, ಕಲ್ಲು, ಗಿಡ, ಲೆಕ್ಕ, ನಾಡು. ಎಷ್ಟು ಬೇರೆ ಬೇರೆ ವಿಷಯಗಳು! ಇವುಗಳನ್ನು ಒಂದೇ ದಾರದಲ್ಲಿ ಪೋಣಿಸುವದು ಯಾವದು? ಪ್ರತಿಯೊಂದರ ಹಿಂದೆಯೂ, ಇದನ್ನು ಓದಿರಿ ಎಂದು ಚಾಚಿದ ಒಂದು ಕೈ ಇದೆ. ನಾನು ಇಂದು ಹೇಳಬೇಕಾದ ಮಾತು ಇದೊಂದೇ. ಪುಸ್ತಕವು ತಾನಾಗಿ ನಡೆದು ಬರುವದಿಲ್ಲ. ಕೈಯಿಂದ ಕೈಗೆ ಬರುವದು.

ಮೇಣದ ಬತ್ತಿಯ ಫ್ಯಾರಡೆಯನ್ನೇ ನೋಡಿರಿ. ಆತನು ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಕಟ್ಟಲು ಬಂದ ಪುಸ್ತಕಗಳನ್ನು ಓದಿ ಓದಿ ರಸಾಯನಶಾಸ್ತ್ರದ ರುಚಿ ಹತ್ತಿತು. ಮಾರ್ಸೆಟ್ ಎಂಬ ಗೃಹಿಣಿಯು ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನದ ಪುಸ್ತಕವು ಆತನಿಗೆ ಮೊದಲ ಗುರುವಾಯಿತು. 1812ರಲ್ಲಿ ಆ ಅಂಗಡಿಯ ಗಿರಾಕಿಯೊಬ್ಬನು ಡೇವಿಯ ಉಪನ್ಯಾಸಗಳ ಟಿಕೀಟುಗಳನ್ನು ಕೊಟ್ಟನು. ಹುಡುಗನು ಕೇಳಿದ್ದನ್ನೆಲ್ಲ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದನು. 1813ರಲ್ಲಿ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. 1831ರಲ್ಲಿ ಆತನು ಕಂಡುಹಿಡಿದ ತತ್ತ್ವದ ಮೇಲೆಯೇ ಇಂದಿನ ವಿದ್ಯುಜ್ಜನಕ ಯಂತ್ರಗಳು ತಿರುಗುತ್ತಿವೆ. ಆ ಗಿರಾಕಿಯು ಕೈಯನ್ನು ಚಾಚದಿದ್ದರೆ?

ಇನ್ನು ನಮ್ಮ ದೇಶದ ಮಾತು. ಕುಂಭಕೋಣದ ಬಡ ಹುಡುಗ ರಾಮಾನುಜನ್ನನಿಗೆ 1903ರಲ್ಲಿ ಗೆಳೆಯನೊಬ್ಬನು ಕಾಲೇಜಿನ ಗ್ರಂಥಾಲಯದಿಂದ ಕಾರ್ ಎಂಬವನ ಗಣಿತದ ಸಂಗ್ರಹವನ್ನು ತಂದುಕೊಟ್ಟನು. ಸಾವಿರಾರು ಸಿದ್ಧಾಂತಗಳ ಒಣ ಪಟ್ಟಿ ಅದು. ಆ ಒಣ ಕಟ್ಟಿಗೆಯೇ ಹೊತ್ತಿಕೊಂಡು ಉರಿಯಿತು. 1904ರಲ್ಲಿ ಜೊಹಾನ್ಸಬರ್ಗದ ನಿಲ್ದಾಣದಲ್ಲಿ ಪೋಲಕ್ ಎಂಬ ಸ್ನೇಹಿತನು ಗಾಂಧಿಯವರ ಕೈಯಲ್ಲಿ ರಸ್ಕಿನ್ನನ ಒಂದು ಪುಸ್ತಕವನ್ನು ಇಟ್ಟನು. ಅರ್ಥಶಾಸ್ತ್ರವನ್ನು ಕುರಿತ ಸಣ್ಣ ಪುಸ್ತಕ. ಗಾಂಧಿಯವರು ಅದನ್ನು ಓದಲು ಹಿಡಿದವರು ಕೆಳಗೆ ಇಡಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಅದೇ ವರ್ಷ ಫೀನಿಕ್ಸದ ಆಶ್ರಮವು ಹುಟ್ಟಿತು. 1908ರಲ್ಲಿ ಅವರು ಅದರ ಸಾರವನ್ನು ಗುಜರಾತಿಯಲ್ಲಿ 'ಸರ್ವೋದಯ'ವೆಂದು ಬರೆದರು. ಆ ಸರ್ವೋದಯವೆಂಬ ಶಬ್ದವು ಇಂದು ನಮ್ಮೆಲ್ಲರ ಬಾಯಲ್ಲಿದೆ. ಗಾಂಧಿಯವರು ತಮಗೆ ಸಿಕ್ಕಿದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಮಾತೃಭಾಷೆಯಲ್ಲಿ ತಮ್ಮ ಜನರಿಗೆ ಹಂಚಿದರು ಎಂಬದನ್ನು ವಿಶೇಷವಾಗಿ ಗಮನಿಸಿರಿ.

ನಮ್ಮ ವಹಿಯ ಎಲ್ಲ ಪುಟಗಳೂ ಹೀಗೆ ಹೊಗಳಿಕೆಗೆ ತಕ್ಕವಲ್ಲ. ಕೆಲವರು ದೊಡ್ಡ ದೊಡ್ಡ ಹೆಸರುಗಳನ್ನು ಬರೆದು ಕಾರಣದ ಜಾಗವನ್ನು ಬರಿದು ಬಿಟ್ಟಿದ್ದಾರೆ. ನಾನು ಕರೆದು ಕೇಳಿದರೆ, "ಓದಿಲ್ಲ, ಆದರೆ ಓದತಕ್ಕದ್ದೆಂದು ಕೇಳಿದ್ದೇನೆ" ಎಂದರು. ಉಣ್ಣದ ಅಡಿಗೆಯ ರುಚಿಯನ್ನು ಹೊಗಳುವದು ಬೀಗರ ಮರ್ಯಾದೆಯಾದೀತು; ಪುಸ್ತಕದ ವಿಷಯದಲ್ಲಿ ಅದು ಮೋಸ. ಹೊಸಬನೊಬ್ಬನು ನಿಮ್ಮ ಮಾತನ್ನು ನಂಬಿ ತನಗೆ ಎಟುಕದ ಗ್ರಂಥವನ್ನು ಹಿಡಿದು, ಹತ್ತು ಪುಟಕ್ಕೆ ಸೋತು, ಶಾಸ್ತ್ರದ ಓದೇ ತನಗೆ ಒಗ್ಗದೆಂದು ಜನ್ಮಪೂರ್ತಿ ದೂರವಾಗುವನು. ಆ ಪಾಪವು ಯಾರಿಗೆ? ಆದಕಾರಣ ಸೂಚಿಸುವವರು ಮೂರು ಮಾತುಗಳನ್ನು ಪಾಲಿಸಬೇಕೆಂದು ಬೇಡಿಕೊಳ್ಳುವೆನು. ತಾನು ಪೂರ್ತಿ ಓದಿದ್ದನ್ನೇ ಹೇಳಬೇಕು. ಯಾರಿಗೆ ತಕ್ಕದ್ದು, ಯಾರಿಗೆ ಅಲ್ಲ ಎಂಬದನ್ನು ಹೇಳಬೇಕು. ಅದರಲ್ಲಿಯ ಕುಂದನ್ನೂ ಮುಚ್ಚಿಡದೆ ಹೇಳಬೇಕು. ಲೋಕೋಪಕಾರವನ್ನು ಸೂಚಿಸಿದ ಒಕ್ಕಲಿಗ ಮಹಾಶಯರೇ ಇದರಲ್ಲಿ ನಮಗೆ ಗುರುಗಳು.

ಇಂಗ್ಲಿಷು ಬಲ್ಲವರ ಮೇಲೆ ಇನ್ನೂ ಒಂದು ಹೊಣೆಯುಂಟು. ನೀವು ಓದಿ ಸಂತೋಷಪಟ್ಟಿರಿ, ಒಳ್ಳೆಯದು. ಅದನ್ನು ಒಂದು ಸಂಜೆ ಈ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಹೇಳಿರಿ. ಆ ಶಿಕ್ಷಕಿಯರು ಮೇಣದ ಬತ್ತಿಯನ್ನು ಹೊತ್ತಿಸಿದ ಹಾಗೆ ನೀವು ಒಂದನ್ನು ಹೊತ್ತಿಸಿರಿ. ಶಬ್ದ ಸಾಲದೆಂದು ಅಳುಕಬೇಡಿರಿ. ಹೇಳುವ ಮನಸ್ಸಿದ್ದಲ್ಲಿ ಶಬ್ದವು ಹುಟ್ಟುವದು. ಶಿವರಾಮ ಕಾರಂತರು ಬಾಲಪ್ರಪಂಚವನ್ನೂ ವಿಜ್ಞಾನ ಪ್ರಪಂಚವನ್ನೂ ಕನ್ನಡದಲ್ಲಿ ಬರೆಯುವಾಗ ಶಬ್ದಕ್ಕಾಗಿ ಕಾದು ಕುಳಿತಿರಲಿಲ್ಲ. ನಾಡಿನ ಗಡಿಗಳು ಕೂಡಿದವು. ಆದರೆ ಒಂದೇ ಊರಿನಲ್ಲಿ ಇಂಗ್ಲಿಷು ಓದಿದವನ ತಿಳಿವಳಿಕೆಯೂ ಕನ್ನಡ ಮಾತ್ರ ಬಲ್ಲವನ ತಿಳಿವಳಿಕೆಯೂ ಎರಡು ಪ್ರಾಂತಗಳ ಹಾಗೆ ಬೇರೆಯಾಗಿ ಉಳಿದರೆ, ಏಕೀಕರಣವು ಪೂರ್ತಿಯಾಯಿತೆಂದು ಹೇಗೆ ಹೇಳೋಣ?

ಕಡೆಯದಾಗಿ ಚಾಲಕರಲ್ಲಿ ಒಂದು ವಿನಂತಿ. ಇಂಥ ಪುಸ್ತಕಗಳನ್ನು ಯಾರೂ ಓದುವದಿಲ್ಲ, ಧೂಳು ತಿನ್ನುತ್ತ ಬಿದ್ದಿರುವವೆಂಬ ಮಾತನ್ನು ನಾನು ಅನೇಕ ಕಡೆ ಕೇಳಿದ್ದೇನೆ. ಕಪಾಟಿನ ಮೂಲೆಯಲ್ಲಿ ಹೆಸರೂ ಕಾಣದಂತೆ ಇಟ್ಟ ಪುಸ್ತಕವನ್ನು ಯಾರು ತಾನೇ ಓದಿಯಾರು? ಓದಿದವರು ಬರೆದ ಎರಡು ಸಾಲಿನ ಕಾರಣವನ್ನು ಪುಸ್ತಕದ ಒಳರಟ್ಟಿಗೆ ಅಂಟಿಸಿ, ಅದನ್ನು ಮೇಜಿನ ಮೇಲೆ ಇಡಿರಿ. ಒಂದು ವರ್ಷ ಹೀಗೆ ಮಾಡಿ ನೋಡಿರಿ.

ಎರೆಹುಳದ ಪ್ರಶ್ನೆಯನ್ನು ಕೇಳಿದ ಆ ಹುಡುಗನು ಈಗ ಎಲ್ಲಿದ್ದಾನೆಯೋ ನಾನರಿಯೆ. ಅವನಿಗೆ ನಾನು ಒಂದು ಸರಿಯಾದ ಉತ್ತರವನ್ನು ಕೊಡತಕ್ಕದ್ದು ಬಾಕಿ ಇದೆ. ಅವನನ್ನು ಹುಡುಕಿ ಆ ಸಾಲವನ್ನು ತೀರಿಸಲು ಇನ್ನು ನನ್ನಿಂದಾಗದು. ಆದ್ದರಿಂದ ಡಾರ್ವಿನನ ಆ ಪುಸ್ತಕದ ಸಂಗತಿಗಳನ್ನು ಕನ್ನಡದಲ್ಲಿ ಒಂದು ಸಣ್ಣ ವಹಿಯಾಗಿ ಬರೆದು ಇಂದು ತಂದಿದ್ದೇನೆ. ಇದನ್ನು ಅಧ್ಯಕ್ಷರ ಕೈಯಲ್ಲಿ ಒಪ್ಪಿಸುವೆನು. ಮುಂದೆ ಯಾವ ಹುಡುಗನಾದರೂ ಮಳೆಗಾಲದಲ್ಲಿ ಆ ಪ್ರಶ್ನೆಯನ್ನು ಕೇಳಿದರೆ, ಅವನ ಮಾಸ್ತರನು ಸುಳ್ಳು ಹೇಳುವ ಪ್ರಸಂಗವು ಈ ಊರಿನಲ್ಲಿ ಬಾರದಿರಲಿ.